ಕಾಡಿನಿಂದ ಬರುವವಳಿಗೊಂದು ಅಂಗಿ

ಅಕ್ಕ ಕತ್ತರಿಸಬೇಕು, ತಂಗಿ ಹೊಲಿಯಬೇಕು. ಆ ಟೈಲರ್ ಅಂಗಡಿ ಶುರುವಾದಾಗಿನಿಂದ ನಡೆದುಬಂದ ಪದ್ಧತಿ ಅದು. ಅಕ್ಕನಿಗೆ ಮಿಷನ್ ತುಳಿಯುವುದು ಕೊನೆಗೂ ಒಲಿಯಲಿಲ್ಲ. ತಂಗಿ ಕತ್ತರಿ ಹಿಡಿದರೆ ಬಟ್ಟೆಯನ್ನು ದೇವರೇ ಕಾಪಾಡಬೇಕು. ಹಾಗಾಗಿ ಮಾತು ಬಿಟ್ಟರೂ ಒಬ್ಬರನ್ನೊಬ್ಬರು ಬಿಡುವಂತಿರಲಿಲ್ಲ. ಅಕ್ಕ ಕತ್ತರಿಸಿದ ತುಂಡುಗಳು ತಂಗಿಯ ಮಿಷನ್ನಿಗೆ ಹೋಗಿ ಅಂಗಿಯಾಗಿ ಗೂಟ ಏರುತ್ತಿದ್ದವು, ನಡುವೆ ಒಂದು ‘ಹೂಂ’ ಕೂಡ ಇಲ್ಲದೆ.

ಮಾತು ಬಿಡಿಸಿದ್ದು, ಬಂದೂಕು ಹಿಡಿದು ಕಾಡು ಸೇರಿದವರ ಜೊತೆ ಸರ್ಕಾರ ಮಾಡಿಕೊಂಡ ಒಪ್ಪಂದ. ಬಂದೂಕು ಕೆಳಗಿಟ್ಟವರು ಜೈಲಿಗೆ ಹೋಗದೆ ಮನೆಗೆ ಬರಬಹುದು, ಇದು ಬೇಕೋ ಬೇಡವೋ ಎಂದು ನೀವೇ ಓಟು ಹಾಕಿ ಹೇಳಿ ಎಂದು ಸರ್ಕಾರ ಕೈತೊಳೆದುಕೊಂಡಿತ್ತು. ಊರಿಗೆ ಊರೇ ಇಬ್ಭಾಗವಾಯಿತು. ಬೀಗರು ಬೀಗರ ಮುಖ ನೋಡಲಿಲ್ಲ. ಎದುರಿನ ಔಷಧಿ ಅಂಗಡಿಯವನಂತೂ ಕೆಮ್ಮಿನ ಸಿರಪ್ ಕೇಳಿದವರಿಗೂ ಮೊದಲು “ಬೇಕಾ, ಬೇಡ್ವಾ?” ಎಂದು ಕೇಳಿ, ಉತ್ತರ ಹಿಡಿಸದಿದ್ದರೆ ಸ್ಟಾಕ್ ಇಲ್ಲ ಎನ್ನುತ್ತಿದ್ದ.

ಅಕ್ಕನ ಮಗಳು ಗುಬ್ಬಿ ಕಾಡಿನಲ್ಲಿದ್ದಳು. ಕಾಲೇಜಿಗೆಂದು ಹೋದವಳು ಹತ್ತು ವರ್ಷವಾದರೂ ತಿರುಗಿ ಬಂದಿರಲಿಲ್ಲ. ತಂಗಿಯ ಗಂಡ ಬಸ್ ಡ್ರೈವರ್ ಆಗಿದ್ದ. ಕಾಡಿನವರು ರಸ್ತೆಯಲ್ಲಿ ಹೂತಿಟ್ಟ ಬಾಂಬಿಗೆ ಬಲಿಯಾದ. ಅಕ್ಕತಂಗಿಯರಿಬ್ಬರಿಗೂ ಇದ್ದದ್ದು ಅಂಗಡಿಯ ಹಿಂದಿನ ಎರಡು ಕೋಣೆ. ಗುಬ್ಬಿ ಬಂದರೆ ಅಲ್ಲಿಗೇ ಬರಬೇಕು.

“ಅವಳು ಒಳಗೆ ಬಂದ್ರೆ ನಾನು ಹೊರಗೆ,” ಎಂದಿದ್ದಳು ತಂಗಿ.

“ಬಾಂಬ್ ಇಟ್ಟಿದ್ದು ನನ್ನ ಮಗಳೇ ಅಂತ ಯಾರು ಕಂಡೋರು?”

“ಅವಳಲ್ಲ ಅಂತ ನೀನು ಕಂಡಿದೀಯಾ?”

ಅದೇ ಕೊನೆಯ ಮಾತು.

‘ಬೇಕು’ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ವಾರ ಕಳೆಯುವುದರೊಳಗೆ ಬಂದೂಕು ಕೆಳಗಿಟ್ಟವರ ಶಿಬಿರದಿಂದ ಫೋನ್ ಬಂತು. ಬಂದವರ ಪಟ್ಟಿಯಲ್ಲಿ ಗುಬ್ಬಿಯ ಹೆಸರಿದೆ, ಕಾಡಿನ ಹಸಿರು ಸಮವಸ್ತ್ರ ಗೇಟಿನಲ್ಲೇ ಬಿಚ್ಚಿಸುತ್ತೇವೆ, ಒಂದು ಜೊತೆ ಮಾಮೂಲಿ ಬಟ್ಟೆ ತನ್ನಿ ಎಂದರು. ಅಕ್ಕ ಫೋನಿಟ್ಟಳು. ಬದುಕಿದ್ದಾಳೆ. ಹತ್ತು ವರ್ಷ ಯಾರನ್ನೂ ಕೇಳಲು ಧೈರ್ಯವಾಗದೇ ಇದ್ದದ್ದು ಇದೊಂದೇ.

ಕಪಾಟಿನಲ್ಲಿದ್ದ ಹಸಿರು ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ, ಸಣ್ಣ ಹೂವಿನ ನೀಲಿಯೊಂದನ್ನು ತೆಗೆದಳು. ಅಳತೆ ಕೈಯಲ್ಲೇ ಇತ್ತು, ಟೇಪು ಮುಟ್ಟಲಿಲ್ಲ. ಕತ್ತರಿಸಿದ್ದೇನೋ ಆಯಿತು, ಹೊಲಿಯುವವರು ಯಾರು? ಬೇರೆ ಟೈಲರ್‌ಗೆ ಕೊಟ್ಟರೆ ಬೀದಿಯೇ ನಕ್ಕೀತು. ತಂಗಿಯ ಮಿಷನ್ನಿನ ಮೇಲಿಡಲು ಕೈ ಬರಲಿಲ್ಲ. ಮೇಜಿನ ಮೂಲೆಯಲ್ಲಿ ಮಡಿಸಿಟ್ಟಳು.

ಸಂಜೆ ಕೈಯಲ್ಲಿದ್ದ ಕೆಲಸ ಮುಗಿಸಿದ ತಂಗಿ ತಾನೇ ಎದ್ದು ಬಂದು ಮಡಿಕೆ ಬಿಚ್ಚಿದಳು. ಯಾರದೆಂದು ಕೇಳಲಿಲ್ಲ. ಬೆನ್ನಿನ ತುಂಡನ್ನು ಮೇಜಿನ ಮೇಲೆ ಹರಡಿ ಗೇಣು ಹಾಕಿ ನೋಡಿದಳು.

“ಅಕ್ಕಾ, ಇದು ಹದಿನೇಳು ವರ್ಷದ ಹುಡುಗಿದು.”

ಅಕ್ಕ ತುಂಡನ್ನು ಹತ್ತಿರಕ್ಕೆಳೆದು ನೋಡಿದಳು. ಊರಲ್ಲಿ ಯಾರ ಮೈ ಎಷ್ಟು ಬೆಳೆದಿದೆಯೆಂದು ನೋಡಿಯೇ ಹೇಳುತ್ತಿದ್ದವಳು, ತನ್ನ ಮಗಳನ್ನು ಮಾತ್ರ ಬಾಗಿಲು ದಾಟಿದ ದಿನದ ಅಳತೆಯಲ್ಲೇ ನಿಲ್ಲಿಸಿಕೊಂಡು ಕೂತಿದ್ದಳು. ಈಗ ಹೇಗಿದ್ದಾಳೋ, ದಪ್ಪಗಿದ್ದಾಳೋ, ಸೊರಗಿದ್ದಾಳೋ, ಹೆತ್ತವಳಿಗೇ ಗೊತ್ತಿಲ್ಲ. ಮೇಜಿಗೆ ಹಣೆಯಿಟ್ಟು ಬಿಕ್ಕಿದಳು.

ತಂಗಿ ಗೂಟದ ಟೇಪು ತಂದು ಅಕ್ಕನ ಕೈಗೆ ತುರುಕಿ, ಬೆನ್ನು ತಿರುಗಿಸಿ ನಿಂತಳು.

“ಚಿಕ್ಕವಳಿದ್ದಾಗಿಂದ ಅವಳದು ನನ್ನದೇ ಮೈಕಟ್ಟು. ನನ್ನ ಅಳತೆ ತಗೋ.”

ಅಕ್ಕ ಅಲುಗಲಿಲ್ಲ.

“ನಾನು ಬೇಡ ಅಂತಲೇ ಹಾಕಿದ್ದು. ನಾಳೆ ಕೇಳಿದ್ರೂ ಬೇಡ ಅಂತಲೇ ಹಾಕ್ತೀನಿ. ಅವಳ ಮುಖ ನೋಡೋಕಾಗುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಈಗ ಬೇಗ ತಗೋ, ಬೆಳಕು ಹೋಗುತ್ತೆ.”

ಅಕ್ಕ ಕಣ್ಣೊರೆಸಿಕೊಂಡು ಎದ್ದು, ಈ ಭುಜದಿಂದ ಆ ಭುಜಕ್ಕೆ ಟೇಪು ಹಿಡಿದಳು. ಇಷ್ಟಗಲ ಆಗಿರುತ್ತಾಳೆ ಹಾಗಾದರೆ. ಬಟ್ಟೆಯೊಳಗಿಂದ ಮೈ ಬೆಚ್ಚಗೆ ತಾಗಿತು. ಕೈ ತೆಗೆಯಲು ಮನಸ್ಸಾಗಲಿಲ್ಲ.

“ಆಯ್ತಾ?” ಎಂದಳು ತಂಗಿ.

ಅಳತೆ ಯಾವಾಗಲೋ ಆಗಿತ್ತು.

“ಇನ್ನೂ ಇಲ್ಲ,” ಎಂದಳು ಅಕ್ಕ.

ತಂಗಿ ಅಲುಗದೆ ನಿಂತಳು.