ಮನೆಯಲ್ಲೇ ಇದ್ದವನು

ಮೋಹನ್‌ಕುಮಾರ್ ಕೆಲಸ ಮಾಡುತ್ತಾನೆ ಎಂದು ಹಾಸನದ ಹತ್ತಿರದ ದುದ್ದದ ಆ ಬೀದಿಯಲ್ಲಿ ನಂಬಿದ್ದವರು ಇಬ್ಬರೇ. ಅವನ ಹೆಂಡತಿ ರೂಪಶ್ರೀ ಮತ್ತು ತಾಯಿ ಪುಟ್ಟತಾಯಮ್ಮ. ಉಳಿದವರ ಕಣ್ಣಿಗೆ ಅವನು ಹೆಂಡತಿಯನ್ನು ಗಾರ್ಮೆಂಟ್ಸಿಗೆ ದುಡಿಯಲು ಕಳಿಸಿ, ತಾನು ಕಂಪ್ಯೂಟರ್ ನೋಡುತ್ತ ಕೂತ ಗಂಡಸು.

ಹೊಳೆನರಸೀಪುರದ ಒಂದು ಪ್ರೆಸ್ಸಿನಲ್ಲಿ ಅವನು ಹದಿನಾಲ್ಕು ವರ್ಷ ಟೈಪು, ಡಿಸೈನು ಮಾಡಿಕೊಂಡಿದ್ದ. ಕೊರೊನಾ ಬಂದ ವರ್ಷ ಪ್ರೆಸ್ ಮುಚ್ಚಿತು. ಮಾಲೀಕರು ಹಳೆಯ ಕಂಪ್ಯೂಟರನ್ನು ಅವನಿಗೇ ಬಿಟ್ಟುಕೊಟ್ಟರು. ಅದನ್ನು ಪಡಸಾಲೆಯಲ್ಲಿಟ್ಟುಕೊಂಡು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು ಮಾಡಿ ವಾಟ್ಸ್ಯಾಪಿನಲ್ಲಿ ಕಳಿಸತೊಡಗಿದ. ಹಾಸನ, ಅರಕಲಗೂಡಿನ ಪ್ರೆಸ್ಸಿನವರು ಅಚ್ಚು ಹಾಕಿಕೊಳ್ಳುತ್ತಿದ್ದರು. ಇನ್ನು ಯಾವ ಯಜಮಾನನ ಮುಖವನ್ನೂ ನೋಡಬೇಕಿಲ್ಲ ಎಂದು ಮೊದಲು ಹಿಗ್ಗಿದ್ದ. ಒಬ್ಬ ಯಜಮಾನ ಹೋಗಿ ನಲವತ್ತು ಜನ ಬಂದಿದ್ದಾರೆ ಎಂಬುದು ಆರು ತಿಂಗಳಲ್ಲಿ ಗೊತ್ತಾಯಿತು. ಊಟಕ್ಕೆ ಕೂತರೂ ಫೋನು, ಭಾನುವಾರವೂ ಫೋನು. ನಡುವೆ ಬೀದಿಯವರು ಬೇರೆ.

"ಎಂಗೂ ಮನೇಲೇ ಇದ್ದೀಯಲ್ಲ, ಗ್ಯಾಸಿನೋನು ಬಂದ್ರೆ ಒಸಿ ಇಳಿಸ್ಕೊ ಮೋಹಣ್ಣ."

ತಾಯಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತಾಗ ಅಣ್ಣ ಅರುಣ್‌ಕುಮಾರನೂ ಅದನ್ನೇ ಹೇಳಿದ. ಅವನು ಚನ್ನರಾಯಪಟ್ಟಣದಲ್ಲಿ ಬ್ಯಾಂಕಿನ ಗುಮಾಸ್ತ, ಹೆಂಡತಿ ಟೀಚರು. "ನಾವಿಬ್ರೂ ಡ್ಯೂಟಿಗೆ ಓಗೋರು. ನೀನು ಮನೇಲೇ ಇರ್ತೀಯ. ಅವ್ವ ನಿನ್ನತ್ರನೇ ಇರ್ಲಿ ಕಣ್ಲಾ."

ಮೋಹನನಿಗೆ ಬೇಡವೆನ್ನುವ ಮನಸ್ಸಿರಲಿಲ್ಲ. ರೂಪಶ್ರೀ ಏಳು ಗಂಟೆಗೆ ಕಂಪನಿ ವ್ಯಾನು ಹತ್ತಿದ ಮೇಲೆ ಅವ್ವನನ್ನು ಬಚ್ಚಲಿಗೆ ಕರೆದೊಯ್ಯುವುದು, ತಲೆ ಬಾಚುವುದು, ಅಂಬಲಿ ಕುಡಿಸುವುದು ಎಲ್ಲ ಅವನದೇ. ಆದರೆ ಅವಳಿಗಾಗಿ ಎದ್ದು ಹೋಗಿ ಬಂದಾಗಲೆಲ್ಲ ಕೆಲಸ ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆಯುತ್ತಿತ್ತು. ಒಮ್ಮೆ ಹೀಗೇ ಎದ್ದು ಬಂದು, ಲಗ್ನಪತ್ರಿಕೆಯಲ್ಲಿ ಮದುವೆಹೆಣ್ಣಿನ ಹೆಸರಿದ್ದ ಜಾಗಕ್ಕೆ ಅವಳ ಅತ್ತಿಗೆಯ ಹೆಸರು ಹಾಕಿದ್ದ. ಅಚ್ಚಾಗಿ ಹಂಚುವ ಹೊತ್ತಿಗೆ ಗೊತ್ತಾಗಿ ದೊಡ್ಡ ರಂಪವಾಯಿತು. ಅರಕಲಗೂಡಿನ ಪ್ರೆಸ್ಸಿನವರು ಅವತ್ತಿನಿಂದ ಅವನಿಗೆ ಕೆಲಸ ಕೊಡಲಿಲ್ಲ. ಅಲ್ಲಿಂದ ಅವನು ಸ್ವಲ್ಪ ಗಟ್ಟಿಯಾದ. ಅವ್ವ ಕರೆದರೆ "ತಡಿಯವ್ವ" ಎನ್ನುವುದು ಅಭ್ಯಾಸವಾಯಿತು. ಅವಳೂ ಬೇಸರಿಸದೆ ಕಾಯುತ್ತಿದ್ದಳು.

ಅದೊಂದು ಮಂಗಳವಾರ. ಲೈನು ರಿಪೇರಿಗೆಂದು ಹನ್ನೆರಡರಿಂದ ಐದರವರೆಗೆ ಕರೆಂಟು ಇರುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅಷ್ಟರೊಳಗೆ ಒಂದು ಶಾಲೆಯ ಸುವರ್ಣ ಮಹೋತ್ಸವದ ಆಮಂತ್ರಣ ಹಾಸನಕ್ಕೆ ಹೋಗಬೇಕಿತ್ತು. ಹನ್ನೊಂದೂಕಾಲಿಗೆ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಪಂಚಾಕ್ಷರಯ್ಯನವರ ಫೋನು ಬಂತು. ನಿವೃತ್ತ ಹೆಡ್‌ಮಾಸ್ಟರು, ತಿದ್ದುಪಡಿಯಿಲ್ಲದೆ ಯಾವುದನ್ನೂ ಬಿಡದವರು.

"ಎರಡನೇ ಸಾಲಿನವರನ್ನ ಮೇಲಕ್ಕೆ ತಗೊಳ್ಳಿ ಮೋಹನ್. ಫೋಟೋ ಸ್ವಲ್ಪ ದೊಡ್ಡದಾಗಲಿ. ಇಷ್ಟು ದೊಡ್ಡದು ಬೇಡ, ಅಧ್ಯಕ್ಷರು ಬೇಜಾರು ಮಾಡ್ಕೋತಾರೆ."

ಒಳಗಿನಿಂದ ಅವ್ವನ ದನಿ ಬಂತು. "ಮಗಾ, ಬಚ್ಚಲಿಗೆ ಓಗ್ಬೇಕು ಕಣಪ್ಪ."

"ತಡಿಯವ್ವ, ಎಲ್ಡು ನಿಮ್ಷ."

ಎರಡು ನಿಮಿಷ ಹತ್ತಾಯಿತು. ಅವಳು ಮತ್ತೆ ಕೂಗಿದಳು. ಫೋನಿನಲ್ಲಿ ಪಂಚಾಕ್ಷರಯ್ಯನವರು "ಏನದು ಗಲಾಟೆ?" ಎಂದರು. ಮೋಹನ ಕಾಲು ಚಾಚಿ ಒಳಕೋಣೆಯ ಬಾಗಿಲನ್ನು ದೂಡಿ ಮುಚ್ಚಿದ.

ಆಮೇಲೆ ಕೇಳಿದ್ದು ಹಿಂದಿನ ಬಚ್ಚಲಲ್ಲಿ ಬಕೆಟ್ಟು ಉರುಳಿದ ಸದ್ದು.

ಹಾಸನದ ಆಸ್ಪತ್ರೆಯಲ್ಲಿ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು ಎಂದರು. ಸಂಜೆ ಅರುಣ್‌ಕುಮಾರ್ ಬ್ಯಾಂಕಿನಿಂದ ನೇರವಾಗಿ ಬಂದ. ವಾರ್ಡಿನ ಬಾಗಿಲಲ್ಲೇ ಅವನ ದನಿ ಏರಿತು.

"ಮನೇಲೇ ಇದ್ದಲ್ಲೋ ನೀನು! ಏನ್ಲಾ ಮಾಡ್ತಿದ್ದೆ?"

ಮೋಹನ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಅವ್ವ ಮಾತಾಡಿದಳು. "ಅವುನ್ನ ಯಾಕೆ ಬೈತೀಯ? ಅವ್ನು ಕೆಲಸ್ದಾಗಿದ್ದ. ನಾನು ಕೂಗ್ನೇ ಇಲ್ಲ. ನಾನಾಗೇ ಎದ್ದೋದೆ."

ಮೋಹನ ತಲೆ ತಗ್ಗಿಸಿದ. ಹಾಗಲ್ಲ ಎನ್ನಲಿಲ್ಲ.

ಆಪರೇಷನ್ನಾಯಿತು. ಅಣ್ಣ ಮೂರು ದಿನ ರಜೆ ಹಾಕಿ ಜೊತೆಗಿದ್ದು ಹೋದ. ಮೋಹನನಿಗೆ ರಜೆ ಕೊಡುವವರೂ ಇರಲಿಲ್ಲ, ಅವನ ಬದಲಿಗೆ ಕೂರುವವರೂ ಇರಲಿಲ್ಲ. ರಾತ್ರಿ ರೂಪಶ್ರೀ, ಹಗಲು ಅವನು. ವಾರ್ಡಿನ ಹೊರಗೆ ಮೊಬೈಲಿನಲ್ಲೇ ಒಂದೆರಡು ಕಾರ್ಡು ಮಾಡಲು ನೋಡಿದ, ಆಗಲಿಲ್ಲ. "ಪಾಪ, ತಾಯೀನ ನೋಡ್ಕೊಳ್ಳಿ" ಎಂದವರೆಲ್ಲ ಎರಡನೇ ವಾರದ ಹೊತ್ತಿಗೆ ಬೇರೆಯವರನ್ನು ಹುಡುಕಿಕೊಂಡಿದ್ದರು.

ಒಂದು ಮಧ್ಯಾಹ್ನ ಅಕ್ಕಪಕ್ಕದ ಮಂಚದವರು ನಿದ್ದೆಹೋಗಿದ್ದರು. ಅವ್ವನಿಗೆ ಆಗಲೇ ಕಫ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು.

"ಅವ್ವ, ನೀನು ಕೂಗಿದ್ದೆ. ಬಾಗ್ಲು ಮುಚ್ಚಿದ್ದು ನಾನೇ."

"ಗೊತ್ತು ಕಣ್ಮಗ," ಎಂದಳು. ಸ್ವಲ್ಪ ಹೊತ್ತು ಉಸಿರೆಳೆದುಕೊಂಡು, "ಯಾರ್ಗೂ ಏಳ್ಬ್ಯಾಡ" ಎಂದಳು.

ಹದಿನೇಳನೆಯ ದಿನ ಬೆಳಗ್ಗೆ ಅವಳು ಹೋದಳು.

ತಿಥಿಯ ದಿನ ಊಟಕ್ಕೆ ಕೂತಾಗ ನೆಂಟರೊಬ್ಬರು ವಿಚಾರಿಸಿದರು. ಅರುಣ್‌ಕುಮಾರ್ ನಿಟ್ಟುಸಿರಿಟ್ಟು ಹೇಳಿದ. "ಅವ್ವಂದು ಒಂದೇ ಹಟ. ಪಕ್ಕದಾಗೆ ಮಗ ಇದ್ರೂ ಕರೀಲಿಲ್ಲ. ತಾನಾಗೇ ಎದ್ದೋಗಿ ಬಿದ್ಬುಟ್ಲು."

ಬಡಿಸುತ್ತಿದ್ದ ಮೋಹನ ಸಾರಿನ ಪಾತ್ರೆ ಕೆಳಗಿಟ್ಟ. ಅವ್ವ ಮಾಡಿದ್ದು ಹಟವಲ್ಲ. ತನ್ನ ತಪ್ಪನ್ನು ಅವಳ ತಲೆಗೆ ಕಟ್ಟಿ ಅವನಿಗೆ ಸುಮ್ಮನೆ ನಿಲ್ಲಲಾಗಲಿಲ್ಲ.

"ಕರೆದ್ಲು ಕಣಣ್ಣ. ಎರಡು ಸಲ ಕರೆದ್ಲು. ಫೋನಲ್ಲಿದ್ದೆ, ಬಾಗ್ಲು ಮುಚ್ಚಿಬುಟ್ಟೆ."

ಸಾಲಿನಲ್ಲಿ ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಅರುಣ್‌ಕುಮಾರ್ ಎದ್ದು ಕೈತೊಳೆದು, ಹೆಂಡತಿ ಮಗಳನ್ನು ಕರೆದುಕೊಂಡು ಹೊರಟುಹೋದ. ಸಂಜೆ ಪಾತ್ರೆ ತೊಳೆಯುತ್ತ ರೂಪಶ್ರೀ ಕೇಳಿದಳು.

"ಅತ್ತೆ ಯಾರ್ಗೂ ಏಳ್ಬ್ಯಾಡ ಅಂದಿದ್ರು ಅಂತ ನೀವೇ ಅಂದಿದ್ರಲ್ಲ. ಯಾಕೆ ಏಳಿದ್ರಿ?"

ಅವನು ತೊಳೆದ ಪಾತ್ರೆಗಳನ್ನು ಒಳಗೆ ಒಯ್ದಿಟ್ಟ.

ಬಿಟ್ಟುಹೋದ ಪ್ರೆಸ್ಸಿನವರು ತಿರುಗಿ ಬರಲಿಲ್ಲ. ಮೋಹನ್‌ಕುಮಾರ್ ಈಗ ಹಾಸನದ ಒಂದು ಡಿಟಿಪಿ ಅಂಗಡಿಯಲ್ಲಿ ಸಂಬಳಕ್ಕಿದ್ದಾನೆ. ಬೆಳಗ್ಗೆ ಮನೆಗೆ ಬೀಗ ಹಾಕಿ ಇಬ್ಬರೂ ಹೊರಡುತ್ತಾರೆ.

ಕಳೆದ ತಿಂಗಳು ಆ ಅಂಗಡಿಗೆ ಚನ್ನರಾಯಪಟ್ಟಣದಿಂದ ಯಾರೋ ಒಂದು ಲಗ್ನಪತ್ರಿಕೆಯ ಕರಡು ತಂದುಕೊಟ್ಟು ಹೋಗಿದ್ದರು. ಹೆಣ್ಣಿನ ಹೆಸರು ಶೋಭಿತಾ, ಅಣ್ಣನ ಮಗಳು. ಮೇಲುಗಡೆ 'ದಿವಂಗತ ಪುಟ್ಟತಾಯಮ್ಮನವರ ಆಶೀರ್ವಾದಗಳೊಂದಿಗೆ' ಎಂದಿತ್ತು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅತ್ತಿಗೆಯ ತವರಿನವರೆಲ್ಲರ ಹೆಸರಿತ್ತು. ಅವನದೂ ರೂಪಶ್ರೀಯದೂ ಇರಲಿಲ್ಲ.

ಕರಡಿನಲ್ಲಿ ಇದ್ದಂತೆಯೇ ಟೈಪು ಮಾಡಿ ಅವನು ಪ್ರಿಂಟಿಗೆ ಕಳಿಸಿದ.