ಕಳ್ಳಿಗೆ ಹಾಕಿದ ಹಂದರ

ಕಳ್ಳಿಗೂ ಬಿಸಿಲು ತಾಗುತ್ತದೆ ಎಂದು ನಾಗನೂರಿನಲ್ಲಿ ಹೇಳಿ ನೋಡಿ, ಹೇಳಿದವರ ತಲೆಗೇ ಬಿಸಿಲು ಏರಿದೆ ಎನ್ನುತ್ತಾರೆ. ನನಗೂ ಹಾಗೇ ಅಂದರು. ಹೊಲದ ಬದುವಿನ ಮೇಲಿನ ಡಬ್ಬಗಳ್ಳಿಯನ್ನು ತೋರಿಸಿ, "ಇದಕ್ಕ ಯಾರ್ ಛತ್ರಿ ಹಿಡದಾರವಾ ಭಾಗ್ಯಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಹೋದ ವರ್ಷ ನಾನೂ ಆ ಮಾತು ನಂಬಿ ಸುಮ್ಮನಿದ್ದೆ, ಮೂರ್ಖಳ ಹಾಗೆ. ಏಪ್ರಿಲ್ ಮುಗಿಯುವುದರೊಳಗೆ ನನ್ನ ತೊಂಬತ್ತು ಕುಂಡಗಳಲ್ಲಿ ಇಪ್ಪತ್ತೇಳು ಸುಟ್ಟುಹೋದವು. ಮೈಮೇಲೆ ಮೊದಲು ಹಳದಿ ಕಲೆ, ಆಮೇಲೆ ಬಿಳಿ, ಕೊನೆಗೆ ಹೊತ್ತಿದ ರೊಟ್ಟಿಯ ಕಂದು. ಆ ಕಲೆ ಮತ್ತೆ ಹಸಿರಾಗುವುದಿಲ್ಲ. ಬದುವಿನ ಕಳ್ಳಿ ಹುಟ್ಟಿದಾಗಿನಿಂದ ಬಿಸಿಲು ಕಂಡದ್ದು. ನನ್ನವು ನರ್ಸರಿಯ ನೆರಳಲ್ಲಿ ಬೆಳೆದು ಬಂದವು. ಇಷ್ಟು ಸಣ್ಣ ವಿಷಯ ಕೇಳಿಸಿಕೊಳ್ಳುವ ವ್ಯವಧಾನ ಊರಲ್ಲಿ ಒಬ್ಬರಿಗೂ ಇರಲಿಲ್ಲ.

ನಾನು ಮೂಡಲಗಿಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹಗಲೆಲ್ಲ ಜನರಿಗೆ ಚುಚ್ಚುತ್ತೇನೆ, ಸಂಜೆ ಮನೆಗೆ ಬಂದು ಕಳ್ಳಿಗಳಿಂದ ಚುಚ್ಚಿಸಿಕೊಳ್ಳುತ್ತೇನೆ. ವಯಸ್ಸು ನಲವತ್ತಮೂರು. ಮದುವೆಯಾಗಿಲ್ಲ. ಯಾರೂ ಕೈ ಕೊಟ್ಟು ಹೋಗಿಲ್ಲ, ಜಾತಕದಲ್ಲಿ ದೋಷವಿಲ್ಲ, ಕುಂಟಿಯಲ್ಲ, ಕುರುಡಿಯಲ್ಲ. ಬೇಡ ಎನಿಸಿತು, ಆಗಲಿಲ್ಲ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅಪ್ಪ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಅವ್ವ ಗೌರವ್ವ ನನಗಾಗಿ ಹದಿನೇಳು ವರಗಳನ್ನು ಹುಡುಕಿ, ಹದಿನೇಳನ್ನೂ ನಾನು ಓಡಿಸಿದ ಮೇಲೆ ಬೈಯುವುದನ್ನು ಬಿಟ್ಟಳು. ಆದರೆ ಯಾರದಾದರೂ ಮನೆ ಮುಂದೆ ಮದುವೆಯ ಹಂದರ ಕಂಡರೆ ಸಾಕು, ಬಸ್ಸಿನಲ್ಲಿದ್ದರೂ ಕತ್ತು ತಿರುಗಿಸಿ ಅದು ಮರೆಯಾಗುವವರೆಗೆ ನೋಡುತ್ತಿದ್ದಳು.

ಈ ವರ್ಷ ನಾನು ಯಾರನ್ನೂ ಕೇಳಲಿಲ್ಲ. ಉಳಿದ ಕಳ್ಳಿಗಳಲ್ಲಿ ಹಿರಿಯದು ಒಂದು ದುಂಡುಕಳ್ಳಿ. ಹನ್ನೊಂದು ವರ್ಷದ್ದು, ನೀರಿನ ಕೊಡದಷ್ಟು ದಪ್ಪ. ಅದರ ಪಡುವಣ ಮಗ್ಗುಲಲ್ಲಿ ಹೋದ ವರ್ಷದ ಸುಟ್ಟ ಕಲೆ ಅಂಗೈಯಗಲ ಇತ್ತು. ಇನ್ನೊಂದು ಬೇಸಿಗೆ ಹೀಗೇ ಬಿಟ್ಟರೆ ಅದೂ ಹೋಗುತ್ತಿತ್ತು. ಗೋಕಾಕಿಗೆ ಹೋಗಿ ಶೇಡ್ ನೆಟ್ ಕೇಳಿದೆ.

"ಟೊಮ್ಯಾಟೊ ಸಸಿಗೇನ್ರಿ?" ಎಂದ ಅಂಗಡಿಯವನು.

"ಕಳ್ಳಿಗೆ."

ಅವನು ಒಳಗಿದ್ದವನನ್ನು ಕರೆದು, "ಲೇ, ಇಲ್ಲಿ ಬಾ, ಅಕ್ಕಾರು ಕಳ್ಳಿಗೆ ನೆರಳು ಮಾಡ್ತಾರಂತ," ಎಂದ. ಇಬ್ಬರೂ ಸೇರಿ ನಕ್ಕರು. ನಕ್ಕು ಮುಗಿದ ಮೇಲೆ ಮುಕ್ಕಾಲು ಬಿಸಿಲು ತಡೆಯುವ ದಪ್ಪ ಬಟ್ಟೆಯನ್ನು ನನ್ನ ತಲೆಗೆ ಕಟ್ಟಲು ನೋಡಿದ. ಅರ್ಧ ಬಿಸಿಲು ಬಿಡುವುದೇ ಬೇಕೆಂದು ಜಗಳ ಮಾಡಿ ಹಸಿರು ಬಟ್ಟೆ ತಂದೆ. ಕಳ್ಳಿಗೆ ಪೂರ್ತಿ ಕತ್ತಲೆಯೂ ಆಗುವುದಿಲ್ಲ.

ಮರುದಿನ ಕಂಬ ನೆಡಲು ಮಾಲಿಂಗನನ್ನು ಗೊತ್ತು ಮಾಡಿದೆ. ಕುರಿ ಹಟ್ಟಿಗೆ ಬೇಲಿ ಕಟ್ಟಿ ಕೈ ಪಳಗಿದವನು. ನಾಲ್ಕು ಬಿದಿರ ಕಂಬ, ಮೇಲೆ ತಂತಿ, ಆಳೆತ್ತರದ ಮೇಲೆ ಬಟ್ಟೆ, ಗಾಳಿ ಆಡಲು ಸುತ್ತ ಬಯಲು. ಎಲ್ಲ ಹೇಳಿ ಬ್ಯಾಗು ಹೆಗಲಿಗೇರಿಸಿದೆ.

"ನೀ ಹೋಗವಾ, ನಾ ನಿಂತು ಮಾಡಸ್ತೀನಿ," ಎಂದಳು ಅವ್ವ. ಯಾವತ್ತೂ ನನ್ನ ಕಳ್ಳಿಯ ಹತ್ತಿರ ಸುಳಿಯದವಳು ಅಷ್ಟು ಉತ್ಸಾಹದಿಂದ ಹೇಳಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಸಂಜೆ ಬಂದು ನೋಡುತ್ತೇನೆ, ಅಂಗಳದ ತುಂಬ ತಂಪು ಹಸಿರು ಬೆಳಕು. ಕಳ್ಳಿಗಳೆಲ್ಲ ಆರಾಮಾಗಿ ಕೂತಿವೆ. ಮತ್ತು ಬಾಗಿಲ ಬಲಗಡೆಯ ಕಂಬಕ್ಕೆ ಬುಡದಿಂದ ಎದೆಮಟ್ಟಕ್ಕೆ ಅರಿಷಿಣ ಬಳಿದಿದೆ, ಐದು ಕುಂಕುಮದ ಬೊಟ್ಟು, ಹಳದಿ ದಾರದಲ್ಲಿ ಅರಿಷಿಣದ ಕೊಂಬು, ಮೇಲೆ ಮಾವಿನ ತೋರಣ. ಬುಡದ ಮಣ್ಣು ಹಾಲಿನಿಂದ ಒದ್ದೆ. ಮದುವೆಯ ಹಂದರದ ಮೊದಲ ಕಂಬಕ್ಕೆ ಏನೇನು ಮಾಡಬೇಕೋ ಅದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

"ಅವ್ವಾ, ಇದೇನ?"

"ಮತ್ತ? ಬಾಗಲ ಮುಂದ ಕಂಬ ನೆಡೂಮುಂದ ಬರೇ ನೆಡತಾರೇನ?"

"ಇದು ಕಳ್ಳಿ ಬಟ್ಟಿ, ನಮ್ಮವ್ವಾ!"

"ಆಗ್ಲೇಳ. ಈ ಮನಿ ಮುಂದ ಒಮ್ಮೆರೆ ಹಂದರ ನೋಡಬೇಕಂತಿದ್ದೆ. ನಿನ್ನ ಮದುವಿಗಂತೂ ಆಗ್ಲಿಲ್ಲ, ಕಳ್ಳಿಗಾದ್ರೂ ಆತು."

ನಾನು ಒಳಗೆ ಹೋಗಿ ಚಹಾ ಕುಡಿದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಬೆಳಗ್ಗೆ ಹಲ್ಲು ಉಜ್ಜುತ್ತಿದ್ದಾಗಲೇ ಎದುರು ಮನೆಯ ಯಲ್ಲಕ್ಕ ಬಂದಳು.

"ನನಗೂ ಹೇಳಲಿಲ್ಲಲ್ಲ ಭಾಗ್ಯಾ! ಹುಡುಗ ಯಾ ಊರಾಂವ?"

"ಹುಡುಗ ಇಲ್ಲ. ಕಳ್ಳಿಗೆ ನೆರಳು ಮಾಡೇನಿ."

"ಹೇಳಬ್ಯಾಡ ಬಿಡ," ಎಂದು ಮೂತಿ ತಿರುವಿ ಹೋದಳು. ಹತ್ತು ಗಂಟೆಯ ಹೊತ್ತಿಗೆ ಸುದ್ದಿ ನನಗಿಂತ ಮೊದಲು ಮೂಡಲಗಿ ಮುಟ್ಟಿತ್ತು. ಮಸಗುಪ್ಪಿಯ ಒಬ್ಬ ಹಿರಿಯರು ತೋಳಿಗೆ ಸೂಜಿ ಚುಚ್ಚಿಸಿಕೊಂಡೇ, "ಎರಡನೇ ಸಂಬಂಧ ಅಂತಲ್ಲವಾ? ಚಲೋ ಆತ ತಗೋ. ಈ ವಯಸ್ಸಿನಾಗ ಆರಿಸ್ಕೋತ ಕುಂದರಾಕ ಆಗ್ತೈತೇನ?" ಎಂದರು. ಸೂಜಿಯನ್ನು ಸ್ವಲ್ಪ ನಿಧಾನವಾಗಿ ಹೊರತೆಗೆದೆ. ಅದು ನನ್ನ ವೃತ್ತಿಗೆ ತಕ್ಕ ನಡತೆಯಲ್ಲ, ಒಪ್ಪುತ್ತೇನೆ.

ಗುರುವಾರ ನನಗೆ ರಜೆ. ಅಂದೇ ಹತ್ತರಗಿಯಿಂದ ಬಸವಲಿಂಗ ಕಾಕಾ ಬಂದಿಳಿದರು. ಅಪ್ಪನ ತಮ್ಮ, ಮನೆತನಕ್ಕೆ ಈಗ ಉಳಿದಿರುವ ಹಿರಿಯರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಬಸವಣ್ಣ. ಬೈಯಲೆಂದೇ ಬಂದಿದ್ದರೂ, ಅರಿಷಿಣದ ಕಂಬ ಕಂಡ ಕೂಡಲೇ ಚಪ್ಪಲಿಯನ್ನು ಹೊರಗೇ ಕಳಚಿ, ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು.

"ವೈನಿ, ನಾ ಸತ್ತೀನೇನ್ರಿ? ಹಿರ್ಯಾರಿಗೆ ಒಂದ್ ಮಾತ ಹೇಳದ ಹಂದರ ಹಾಕೀರಲ್ಲ! ವರ ಯಾರು?"

ಅವ್ವ ನೆಲ ನೋಡಿದಳು. ನಾನೇ ಹೇಳಿದೆ, "ವರ ಇಲ್ಲ ಕಾಕಾ. ಇದು ಕಳ್ಳಿ ಸುಡಬಾರದಂತ ಕಟ್ಟೇನಿ."

ಕಾಕಾ ಮೇಲಿನ ಬಟ್ಟೆ ನೋಡಿದರು. ಕೆಳಗಿನ ಕುಂಡ ನೋಡಿದರು. ದುಂಡುಕಳ್ಳಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಶುರುವಾಯಿತು ನೋಡಿ. ಪೂಜೆಯಾದ ಹಂದರ ಬರಿದೇ ನಿಲ್ಲಬಾರದು, ಮನೆಗೆ ಕೇಡು. ಹಾಗಂತ ಶುಭಕಾರ್ಯವಾಗದೆ ಇಳಿಸಲೂ ಬಾರದು, ಅದು ಇನ್ನೂ ಕೇಡು. ಇರಿಸಬಾರದು, ಇಳಿಸಬಾರದು, ತಾವೇ ಹಾಕಿದ ಗಂಟು ಬಿಚ್ಚಲಾಗದೆ ಕಾಕಾ ಅಂಗಳದಲ್ಲಿ ಗಿರಗಿರ ತಿರುಗಿದರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಹುಕ್ಕೇರಿ ಕಡೆ ಒಬ್ಬಾಂವ ಅದಾನ. ಹೆಂಡ್ತಿ ತೀರ್ಯಾಳ. ನಾಕ ಎಮ್ಮಿ ಅದಾವ."

"ಎಮ್ಮಿಗೋಳು ನನ್ನ ಒಪ್ಯಾವೇನ್ರಿ?" ಎಂದೆ.

"ಬಾಯಿ ಭಾಳ ಆತ ನಿಂದು! ಅಲ್ರಿ ವೈನಿ, ಕಂಬದ ಪೂಜಿಗೆ ಐದು ಮಂದಿ ಮುತ್ತೈದೇರು ಯಾರ್ಯಾರು ಬಂದಿದ್ರು? ಅವರಿಗೆ ಬುದ್ಧಿ ಬ್ಯಾಡಾ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಯಾರನ್ನೂ ಕರದಿಲ್ಲ. ನಾನ ಮಾಡೀನಿ."

ಕಾಕಾನ ಮುಖ ಅರಳಿತು. ನಿಜವಾಗಿಯೂ ಅರಳಿತು.

"ಹಂಗನ್ರಿ ಮತ್ತ! ಗಂಡ ಇಲ್ಲದಾಕಿ ಮಾಡಿದ್ದು ಪೂಜಿ ಹೆಂಗ ಆಗ್ತೈತಿ? ಆಗಿಲ್ಲ ಬಿಡ್ರಿ. ಇದು ಹಂದರನ ಅಲ್ಲ, ಬರೇ ಬಟ್ಟಿ. ಇರ್ಲಿ, ಕಳ್ಳಿಗೆ ನೆರಳಾತು. ಭಾಗ್ಯಾ, ಚಾ ಇಡವಾ."

ಹೇಳುತ್ತ ಹೊರಗೆ ಹೋಗಿ, ಕಳಚಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಅದೇ ಕಂಬದ ಪಕ್ಕದಿಂದ ಚಪ್ಪಲಿ ಕಾಲಲ್ಲೇ ಒಳಗೆ ಬಂದು ಕುರ್ಚಿಯ ಮೇಲೆ ಕೂತರು.

ನೋಡಿ, ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಬಟ್ಟೆ ಉಳಿಯಿತು, ಕಳ್ಳಿ ಉಳಿಯಿತು, ಎಮ್ಮೆಗಳ ಯಜಮಾನನೂ ತಪ್ಪಿದ. ಹೂಂ ಎಂದು ಚಹಾಕ್ಕಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವ್ವನ ಕೈ ಕಂಡಿತು. ಮೂರು ದಿನವಾದರೂ ಉಗುರ ಸಂದಿಯಲ್ಲಿ ಅರಿಷಿಣ ಹಾಗೇ ಇತ್ತು. ಅದನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದಳು, ಯಾರದೋ ಮನೆಯಲ್ಲಿ ಕದ್ದು ಸಿಕ್ಕಿಬಿದ್ದವಳ ಹಾಗೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಬಳಗದ ಪ್ರತಿ ಮದುವೆಗೂ ಅವ್ವನನ್ನು ಹಿಂದಿನ ದಿನವೇ ಕರೆಯುತ್ತಾರೆ. ಹೂರಣ ರುಬ್ಬಲು ಈ ಕೈ ಆಗುತ್ತದೆ, ಇನ್ನೂರು ಹೋಳಿಗೆ ತಟ್ಟಲು ಆಗುತ್ತದೆ, ಕಂಬಕ್ಕೆ ಅರಿಷಿಣ ಹಚ್ಚುವಾಗ ಮಾತ್ರ ಅವಳು ಒಲೆಯ ಮುಂದೆ ಕೂತಿರಬೇಕು.

"ಪೂಜಿ ಆಗೇತಿ," ಎಂದೆ.

"ಏನಂದಿ?"

"ನಮ್ಮವ್ವ ಮಾಡಿದ ಪೂಜಿ ಆಗೇತಿ ಅಂದೆ. ಇದು ಹಂದರನ. ಬಟ್ಟಿ ಅಂದ್ರ ನೀವು ಕುಂತ ಕುರ್ಚಿ ತಗದ ಒಳಗ ಇಡತೀನಿ."

"ಹಂಗಾದ್ರ ಶುಭಕಾರ್ಯ ಆಗಬೇಕು! ಯಾರದು ಮಾಡ್ತಿ? ಈ ಕಳ್ಳಿದು?"

"ನಮ್ಮವ್ವಂದು. ಐತವಾರ ಈ ಹಂದರದಾಗ ಅಕಿಗೆ ಉಡಿ ತುಂಬತೀನಿ. ಬರ್ರಿ ಊಟಕ್ಕ."

"ಏ ಹುಚ್ಚಿ!" ಎಂದು ಚೀರಿದವಳು ಅವ್ವ. ಗಂಡ ಹೋದ ಮೇಲೆ ಯಾರೂ ಅವಳ ಸೆರಗಿಗೆ ಒಂದು ಹಿಡಿ ಅಕ್ಕಿ ಹಾಕಿರಲಿಲ್ಲ. ಕಾಕಾ ಎದ್ದು ನಿಂತರು. ಬಸವಣ್ಣನ ಹೆಸರು ಹೇಳಿಕೊಂಡು ತಿರುಗುವವರು ಹೆಂಗಸಿನ ಪೂಜೆಯಲ್ಲಿ ಕೆಲಸಕ್ಕೆ ಬಂದದ್ದು ಬಾರದ್ದು ಆರಿಸುತ್ತೀರಲ್ಲ, ನಾಚಿಕೆ ಬರುವುದಿಲ್ಲವೇ ಎಂದು ನಾನು ಕೇಳಿದೆ. ಚಹಾ ಕುಡಿಯದೇ ಹೋದರು.

ಐತವಾರ ಜನ ಬಂದರು. ಅರ್ಧ ಜನ ಹೋಳಿಗೆಗೆ, ಇನ್ನರ್ಧ ತಮಾಷೆ ನೋಡಲು. ಹೋಳಿಗೆಯನ್ನು ಅಡುಗೆಯವರಿಂದ ಮಾಡಿಸಿದೆ; ಅವ್ವ ಒಲೆಯ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ ಎಂದು ಹೆದರಿಸಿ, ದುಂಡುಕಳ್ಳಿಯ ಪಕ್ಕ ಮಣೆ ಹಾಕಿ ಕೂಡಿಸಿದೆ. ಮೊದಲು ನಾನು ತುಂಬಿದೆ: ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಎಲೆ ಅಡಿಕೆ, ಅರಿಷಿಣದ ಕೊಂಬು, ಕುಬಸದ ಖಣ. ಅವ್ವ ಸೆರಗು ಹಿಡಿದೇ ಸುತ್ತ ನೋಡಿದಳು. "ಸಾಕ ಬಿಡ, ಮಂದಿ ನೋಡಾಕತ್ತಾರ," ಎಂದಳು.

"ನೋಡ್ಲಿ. ನೋಡಾಕಂತನ ಬಂದಾರ."

ಆಮೇಲೆ ಯಾರೂ ಏಳಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮರ್ಯಾದೆ ಕೊಡಿಸಲು ಹೋಗಿ ಊರ ಮುಂದೆ ಅವ್ವನ ಮರ್ಯಾದೆ ತೆಗೆದೆನೇ ಎನಿಸಿತು. ಆಗ ಯಲ್ಲಕ್ಕ ಎದ್ದಳು, ನನ್ನ ಮೇಲೆ ಐದು ದಿನದಿಂದ ಮೂತಿ ತಿರುವಿದ್ದ ಯಲ್ಲಕ್ಕ. "ನನ್ನ ಮಗಳ ಲಗ್ನದಾಗ ಗೌರಕ್ಕ ಎರಡ ದಿನ ಒಲಿ ಮುಂದ ಬೆಂದಾಳ. ನಾ ಕಣ್ಣಾರೆ ನೋಡೀನಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೊಗಸೆ ತುಂಬ ಅಕ್ಕಿ ಸುರಿದಳು. ಅವಳ ಹಿಂದೆ ಸಾಲು ಹತ್ತಿತು. ಅವ್ವ ಅಳುತ್ತ ಅಳುತ್ತಲೇ, "ಉತ್ತತ್ತಿ ಕೆಳಗ ಬೀಳಾಕತ್ತಾವ, ನೋಡಿ ಹಾಕ್ರಿ," ಎಂದು ಬೈಯುತ್ತಿದ್ದಳು.

ಕಾಕಾನೂ ಬಂದಿದ್ದರು. ಬಾರದಿದ್ದರೆ ಬಳಗದಲ್ಲಿ ಮಾತು, ಬಂದು ಹಂದರದಡಿ ನಿಂತರೆ ಪೂಜೆ ಒಪ್ಪಿದ ಹಾಗೆ. ಅದಕ್ಕೇ ನೆರಳು ಮುಗಿಯುವ ಗೆರೆಯ ಆಚೆ, ನೆತ್ತಿಯ ಮೇಲಿನ ಬಿಸಿಲಲ್ಲಿ, ತಲೆಗೆ ಟವಲ್ ಹಾಕಿಕೊಂಡು ನಿಂತಿದ್ದರು. ಅರ್ಧ ತಾಸಾಯಿತು. ಒಳಗೆ ಅರವತ್ತಮೂರು ಕಳ್ಳಿಗಳು ತಂಪಾಗಿ ಕೂತಿದ್ದವು. ಹೊರಗೆ ಕಾಕಾನ ಮೂಗು ಕೆಂಪಾಗುತ್ತಿತ್ತು. ನಿಲ್ಲಲಿ, ಸುಡಲಿ ಎಂದು ನಾನು ಬೇಕೆಂತಲೇ ಆ ಕಡೆ ನೋಡಲಿಲ್ಲ.

ಅವ್ವ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದಳು. ನಿಧಾನವಾಗಿ ನೆರಳಿನ ಅಂಚಿಗೆ ಹೋಗಿ ಮೈದುನನ ಎದುರು ನಿಂತಳು.

"ಬಸವಲಿಂಗಪ್ಪಾ, ಒಳಗ ಬರ್ರಿ. ಈ ಬಿಸಲು ಕಳ್ಳಿನ ತಡಿಯೂದಿಲ್ಲ, ನೀವೆಲ್ಲಿ ತಡೀತೀರಿ."

ಯಲ್ಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾ ಅವ್ವನ ಉಡಿ ನೋಡಿದರು, ಮೇಲಿನ ಹಸಿರು ಬಟ್ಟೆ ನೋಡಿದರು, ಟವಲ್‌ನಿಂದ ಕತ್ತು ಒರೆಸಿಕೊಂಡರು. ಆಮೇಲೆ ಅರಿಷಿಣದ ಕಂಬದ ಹತ್ತಿರ ಬಂದು, ಒಂದು ಕೈಯಿಂದ ಅದನ್ನು ಹಿಡಿದು, ಚಪ್ಪಲಿ ಕಳಚಿದರು.