ಸವೆದ ಮಗ್ಗುಲು

ನಾನು ಒಂದು ಹಿತ್ತಾಳೆ ಬಿಂದಿಗೆ. ನಾಗಮಂಗಲದ ಕುಲುಮೆಯೊಂದರಲ್ಲಿ ತಗಡು ಬಡಿದು, ಬೆಸೆದು ನನ್ನನ್ನು ಮಾಡಿದರು. ತಂಗಿಯ ಮಗಳ ಮದುವೆಗೆಂದು ನನ್ನನ್ನು ಕೊಂಡ ಸೋದರಮಾವ ಅಂಗಡಿ ಬಾಗಿಲಲ್ಲೇ ಕೂತು ಹೆಸರು ಹೊಡೆಸಿದ. ಕೊರಳ ಹತ್ತಿರ ಗಂಡಿನ ಹೆಸರು ಬೋರಲಿಂಗ, ಮದುವೆಯ ವರ್ಷ. ಕೆಳಗೆ, ಹೊಟ್ಟೆಯ ಉಬ್ಬಿನ ಮೇಲೆ, ಹೆಣ್ಣಿನ ಹೆಸರು ಜವರಮ್ಮ.

ಇಪ್ಪತ್ತೆರಡು ವರ್ಷ ಜವರಮ್ಮ ನನ್ನನ್ನು ಎಡಸೊಂಟದ ಮೇಲೆ ಹೊತ್ತು ಸೇದುವ ಬಾವಿಯಿಂದ ನೀರು ತಂದಳು. ಗಂಡನ ಹೆಸರು ಬೀದಿಗೆ ಕಾಣಬಾರದೆಂದು ಹೆಸರಿನ ಮಗ್ಗುಲನ್ನು ಯಾವಾಗಲೂ ಒಳಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ದಾರಿಯಲ್ಲಿ ತನ್ನಷ್ಟಕ್ಕೆ ಏನೋ ಮಾತಾಡಿಕೊಳ್ಳುವಳು. ಹೊಸಿಲು ಬಂದೊಡನೆ ಸುಮ್ಮನಾಗುವಳು.

ಬೋರಲಿಂಗ ಸತ್ತ ತಿಂಗಳಿಗೆ ಅವನ ತಮ್ಮ ಮರಿಲಿಂಗ, "ಇವ್ಳು ನಮ್ಮಣ್ಣನ ಹೆಂಡ್ತೀನೇ ಅಲ್ಲ, ಮನೆಗೆಲಸಕ್ಕೆ ಬಂದೋಳು" ಎಂದು ಅವಳನ್ನು ಹೊರಗೆ ಹಾಕಿದ. ಮಕ್ಕಳಿರಲಿಲ್ಲ. ಧಾರೆ ಎರೆಸಿದ ಪುರೋಹಿತರೂ ಸೋದರಮಾವನೂ ತೀರಿಹೋಗಿದ್ದರು. ಫೋಟೋ, ಲಗ್ನಪತ್ರಿಕೆ ಏನೂ ಇರಲಿಲ್ಲ. ಹೆಂಡತಿ ಎಂದು ಸಾಬೀತಾದರೆ ಮನೆ, ಇಲ್ಲವಾದರೆ ಬೀದಿ. ಅವಳ ಸೊಂಟದಲ್ಲಿ ನಾನಿದ್ದೆ, ಅಷ್ಟೆ.

ತಾಲ್ಲೂಕಿನ ಮುನ್ಸೀಫ್ ಕೋರ್ಟಿನಲ್ಲಿ ನನ್ನ ಕೊರಳಿಗೆ ಚೀಟಿ ಕಟ್ಟಿ ಸಾಕ್ಷ್ಯವೆಂದು ಕರೆದರು. ಮುನ್ಸೀಫರು ನೆರೆಯವರ ಮಾತು ನಂಬಿ, ಮನೆ ಅವಳದೆಂದರು. ಮರಿಲಿಂಗ ಜಿಲ್ಲಾ ಕೋರ್ಟಿಗೆ ಅಪೀಲು ಹೋದ. ಕಡತದ ಜೊತೆ ಗೋಣಿಚೀಲದಲ್ಲಿ ನಾನೂ ಹೋದೆ. ಅಲ್ಲಿ ನನ್ನನ್ನು ಚೀಲದಿಂದ ಯಾರೂ ತೆಗೆಯಲಿಲ್ಲ. ಅವಳು ಸೋತಳು. ಆಮೇಲೆ ಬೆಂಗಳೂರಿನ ಹೈಕೋರ್ಟು. ಇವಳು ಹೆಂಡತಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಕೆಳಗಿನ ಕೋರ್ಟಿನ ಕೆಲಸ, ನೋಡಬೇಕಾದದ್ದನ್ನು ಅವರು ನೋಡಿದರೋ ಇಲ್ಲವೋ ಎಂದು ಕೇಳುವುದಷ್ಟೇ ನಮ್ಮದು ಎಂದರು. ನೋಡಿಲ್ಲವೆಂದು ಕಂಡು, ಮತ್ತೆ ವಿಚಾರಿಸಲು ಜಿಲ್ಲಾ ಕೋರ್ಟಿಗೇ ಹಿಂದಕ್ಕೆ ಕಳಿಸಿದರು. ಹತ್ತಿ ಇಳಿಯುವಷ್ಟರಲ್ಲಿ ಹದಿನಾಲ್ಕು ವರ್ಷವಾಗಿತ್ತು. ನನಗೆ ಕಿಲುಬು, ಅವಳಿಗೆ ನರೆ.

ಈ ಸಲದ ನ್ಯಾಯಾಧೀಶರು ನನ್ನನ್ನು ಮೇಜಿನ ಮೇಲೆ ಇಡಿಸಿದರು. ಕಿಲುಬಿನಡಿ ಒಂದಕ್ಷರವೂ ಕಾಣಲಿಲ್ಲ.

"ಸ್ವಾಮಿ, ಒಂಚೂರು ಹುಣಸೇಹಣ್ಣು ತರ್ಸಿ, ಬೆಳಗಿ ಕೊಡ್ತೀನಿ" ಎಂದಳು ಜವರಮ್ಮ.

ಮರಿಲಿಂಗನ ವಕೀಲರು ಎದ್ದರು. "ಸಾಕ್ಷ್ಯವನ್ನ ಆಕೆ ಮುಟ್ಟೋ ಹಾಗಿಲ್ಲ."

"ಅಟೆಂಡರ್ ಉಜ್ಜಲಿ. ಎಲ್ಲರೂ ನಿಂತು ನೋಡಿ" ಎಂದರು ನ್ಯಾಯಾಧೀಶರು.

ಅಟೆಂಡರ್ ಉಜ್ಜತೊಡಗಿದ. ಅವಳಿಗೆ ತಡೆಯಲಾಗಲಿಲ್ಲ. "ಹಂಗಲ್ಲ ಕಣಪ್ಪ! ಎಮ್ಮೆ ಮೈ ತೊಳ್ದಂಗೆ ತೊಳೀತಿದ್ದೀಯಲ್ಲ!" ವಕೀಲರೂ ನಕ್ಕರು.

ಬೋರಲಿಂಗನ ಹೆಸರು ಎದ್ದಿತು, ವರ್ಷ ಎದ್ದಿತು. ಕೆಳಗಿನ ಜಾಗ ಬೋಳಾಗಿತ್ತು.

"ಎಲ್ಲಿ ಇವ್ಳ ಹೆಸ್ರು?" ಎಂದ ಮರಿಲಿಂಗ. "ನಮ್ಮಣ್ಣ ಕಟ್ಕೊಂಡೋಳು ಬೇರೆ. ಅವ್ಳು ಯಾವತ್ತೋ ಬಿಟ್ಟೋದ್ಲು."

ಜವರಮ್ಮನ ತುಟಿ ಅಲ್ಲಾಡಿತು, ಬಾವಿಯ ದಾರಿಯಲ್ಲಿ ಅಲ್ಲಾಡುತ್ತಿದ್ದಂತೆ.

ನ್ಯಾಯಾಧೀಶರು ಆ ಬೋಳು ಜಾಗದ ಮೇಲೆ ಬೆರಳಾಡಿಸಿದರು. "ಇದನ್ನ ಹೇಗೆ ಹೊರ್ತಿದ್ರಿ, ಅಮ್ಮ? ತೋರಿಸಿ."

ಅವಳು ಯೋಚಿಸಲೂ ಇಲ್ಲ. ಎತ್ತಿ, ಹೆಸರಿನ ಮಗ್ಗುಲು ಒಳಕ್ಕೆ ಮಾಡಿ, ಎಡಸೊಂಟಕ್ಕೆ ಇಟ್ಟಳು. ಹೆಸರು ಸವೆದ ಜಾಗ ಸರಿಯಾಗಿ ಅವಳ ಸೊಂಟದಲ್ಲಿ ಕೂತಿತು.

"ಆ ಇನ್ನೊಬ್ಬಳ ಹೆಸರೇನು? ಯಾವ ಊರು?" ನ್ಯಾಯಾಧೀಶರು ಮರಿಲಿಂಗನನ್ನು ಕೇಳಿದರು. ಅವನು ವಕೀಲರ ಮುಖ ನೋಡಿದ. ವಕೀಲರು ಕಾಗದ ನೋಡಿದರು.

ಮನೆ ಅವಳದೆಂದು ತೀರ್ಪು ಬಂದ ಮೇಲೆ ಚೀಟಿ ಬಿಚ್ಚಿ ನನ್ನನ್ನು ಅವಳಿಗೆ ಕೊಟ್ಟರು. ಅಷ್ಟರಲ್ಲಿ ಮನೆಗೆ ನಲ್ಲಿ ಬಂದಿತ್ತು. ಪಾತ್ರೆಗೆ ಹೆಸರು ಹಾಕುವವನೊಬ್ಬ ಬಂದು, "ಹೆಸ್ರು ಅಳಿಸೋಗಿದೆ, ಹೊಸ್ದಾಗಿ ಹೊಡೀಲಾ ಅಜ್ಜಿ?" ಎಂದ.

"ಬ್ಯಾಡ ಬಿಡಪ್ಪ. ಗೊತ್ತಾಗ್ಬೇಕಾದೋರ್ಗೆ ಗೊತ್ತಾಯ್ತು."

ಈಗ ನಾನು ನಡುಮನೆಯ ಮೂಲೆಯಲ್ಲಿದ್ದೇನೆ. ಒಳಗೆ ನೀರಿಲ್ಲ, ತೀರ್ಪಿನ ಪ್ರತಿ ಇದೆ. ಸವೆದ ಮಗ್ಗುಲು ಬೀದಿಬಾಗಿಲ ಕಡೆಗಿದೆ. ಅವಳೇ ಹಾಗೆ ತಿರುಗಿಸಿಟ್ಟದ್ದು.